ಹಲವು ಕೈಗಳು ಬರೆದ ನಾಟಕ

ಎಂ.ಎ. ತರಗತಿಯಲ್ಲಿ ನಮಗೆ ಇಂಗ್ಲಿಷ್ ನಾಟಕ ಕಲಿಸಿದ ಮೇಡಂ, ಶೇಕ್ಸ್‌ಪಿಯರನ ಕಾಲವನ್ನು ಆತನಿಂದಲ್ಲ, ಲಂಡನ್ನಿನ ರೋಸ್ ರಂಗಮಂದಿರದ ಒಡೆಯ ಫಿಲಿಪ್ ಹೆನ್‌ಸ್ಲೋನ ಲೆಕ್ಕದ ಪುಸ್ತಕದಿಂದ ಪರಿಚಯಿಸಿದರು. 1590ರ ದಶಕದ ಆ ಪುಟಗಳಲ್ಲಿ ಒಂದೇ ನಾಟಕಕ್ಕಾಗಿ ಇಬ್ಬರಿಗೋ ಮೂವರಿಗೋ, ಕೆಲವೊಮ್ಮೆ ನಾಲ್ವರಿಗೋ ಕಂತುಗಳಲ್ಲಿ ಕೊಟ್ಟ ಹಣದ ಲೆಕ್ಕವಿದೆ. ಡೆಕ್ಕರ್, ಚೆಟಲ್, ಮಂಡೆ, ಡ್ರೇಟನ್ ಎಂಬ ನಾಟಕಕಾರರ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ದಿನಕ್ಕೊಂದು ನಾಟಕ ಬದಲಿಸಿ ಆಡುತ್ತಿದ್ದ ತಂಡಗಳಿಗೆ ಹೊಸ ನಾಟಕ ಬೇಗ ಬೇಕಿತ್ತು, ಹಣ ಪಡೆದು ಬರೆದುಕೊಟ್ಟ ಮೇಲೆ ಅದು ತಂಡದ ಸ್ವತ್ತಾಗುತ್ತಿತ್ತು.

ನನ್ನ ಮನಸ್ಸಿನಲ್ಲಿ ಆಳವಾಗಿ ಉಳಿದದ್ದು ಬ್ರಿಟಿಷ್ ಲೈಬ್ರರಿಯಲ್ಲಿರುವ ‘ಸರ್ ಥಾಮಸ್ ಮೋರ್’ ನಾಟಕದ ಹಸ್ತಪ್ರತಿಯ ಪಾಠ. ಅದರ ಮೂಲಪ್ರತಿ ಮಂಡೆಯ ಕೈಬರಹದಲ್ಲಿದೆ. ತಿದ್ದುಪಡಿಗಳನ್ನು ಬೇರೆ ಬೇರೆ ಕೈಗಳು ಬರೆದಿವೆ. ದಂಗೆಯ ದೃಶ್ಯವನ್ನು ಪೂರ್ತಿ ಕೈಬಿಡಬೇಕೆಂದು ಅರಮನೆಯ ಪರಿಶೀಲನಾಧಿಕಾರಿ ಎಡ್ಮಂಡ್ ಟಿಲ್ನಿ ಮೊದಲ ಪುಟದಲ್ಲೇ ಬರೆದಿದ್ದಾನೆ. 1517ರಲ್ಲಿ ಲಂಡನ್ನಿನಲ್ಲಿ ಪರದೇಶಿಯರ ವಿರುದ್ಧ ಎದ್ದ ಜನರ ಮುಂದೆ ನಗರದ ಅಧಿಕಾರಿ ಮೋರ್ ನಿಂತು, ನೀವೇ ದೇಶಭ್ರಷ್ಟರಾಗಿ ಬೇರೆ ನಾಡಿಗೆ ಹೋದರೆ ನಿಮ್ಮನ್ನು ಯಾರು ಸೇರಿಸಿಕೊಂಡಾರು ಎಂದು ಕೇಳುವ ಮೂರು ಪುಟಗಳು ಶೇಕ್ಸ್‌ಪಿಯರನ ಕೈಬರಹವೆಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಇಷ್ಟು ದೊಡ್ಡ ಮಾತು ಇನ್ನೊಬ್ಬರ ನಾಟಕದ ತಿದ್ದುಪಡಿಯಾಗಿ ಹುಟ್ಟಿತೆಂಬುದು ಇಂದಿಗೂ ನನ್ನನ್ನು ಬೆರಗುಗೊಳಿಸುತ್ತದೆ.

ಜೊತೆಯಾಗಿ ಬರೆದ ನಾಟಕದಲ್ಲಿ ಹೊಲಿಗೆ ಕಾಣುತ್ತದೆಂಬ ಆಕ್ಷೇಪಕ್ಕೆ ಮೇಡಂ 1622ರ ‘ದಿ ಚೇಂಜ್‌ಲಿಂಗ್’ ನಾಟಕವನ್ನೇ ಉತ್ತರವಾಗಿ ಮುಂದಿಟ್ಟರು. ಅದರ ಮೊದಲ ಮತ್ತು ಕೊನೆಯ ದೃಶ್ಯಗಳೂ ಹುಚ್ಚಾಸ್ಪತ್ರೆಯ ಉಪಕಥೆಯೂ ವಿಲಿಯಂ ರೌಲಿಯದು, ನಡುವಿನ ಮುಖ್ಯಕಥೆಯ ಬಹುಭಾಗ ಥಾಮಸ್ ಮಿಡಲ್‌ಟನ್‌ನದು ಎಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಮೊದಲ ಅಂಕದಲ್ಲಿ ನಾಯಕಿ ಬಿಯಾಟ್ರಿಸಳ ಕೈಗವಸು ಕೆಳಗೆ ಬೀಳುತ್ತದೆ; ಆಕೆ ಅಸಹ್ಯಪಡುವ ಡಿಫ್ಲೋರೆಸ್ ಅದರೊಳಗೆ ತನ್ನ ಬೆರಳುಗಳನ್ನು ತೂರಿಸಬಯಸುತ್ತಾನೆ. ಮೂರನೆಯ ಅಂಕದಲ್ಲಿ ಅವನು ಆಕೆಗಾಗಿ ಮಾಡಿದ ಕೊಲೆಯ ಗುರುತಾಗಿ ಉಂಗುರವಿರುವ ಕತ್ತರಿಸಿದ ಬೆರಳನ್ನೇ ತಂದು ತೋರಿಸುತ್ತಾನೆ. ಕೈಗವಸು ರೌಲಿಯದು, ಬೆರಳು ಮಿಡಲ್‌ಟನ್‌ನದು. ಇಬ್ಬರೂ ಮೊದಲೇ ಕೂತು ಮಾತಾಡಿಕೊಳ್ಳದೆ ಈ ಹೊಂದಿಕೆ ಬಂದಿರಲು ಸಾಧ್ಯವಿಲ್ಲವೆಂದು ಮೇಡಂ ವಾದಿಸಿದರು. ಆ ನಾಟಕವನ್ನು ಮತ್ತೆ ಓದಿದಾಗಲೆಲ್ಲ ನನಗೂ ಅದೇ ಸರಿ ಎನ್ನಿಸುತ್ತದೆ.