ಚೆಂಡಿಗಿಂತ ಮೊದಲು ಕಾಲು

ಮುಂಬೈಯ ಮಾಟುಂಗಾ, ಸಯನ್ ಕಡೆಯ ಕನ್ನಡ ಮನೆಗಳ ಮಕ್ಕಳಿಗೆ ನಾನು ಬಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ಹೊಸದಾಗಿ ಸೇರಿದ ಮಗುವಿನ ತಾಯಿಯೋ ತಂದೆಯೋ ಬಂದು, "ಸರ್, ಇವನು ಬಾಸ್ಕೆಟ್ ಹಾಕುವುದು ಯಾವಾಗ?" ಎಂದು ಕೇಳುತ್ತಾರೆ. ಮೊದಲು ನಿಲ್ಲುವುದನ್ನು ಕಲಿಯಲಿ ಎಂಬ ನನ್ನ ಉತ್ತರ ಅವರಿಗೆ ಹಿಡಿಸದಿದ್ದರೂ ಅದನ್ನು ನಾನು ಬದಲಿಸುವುದಿಲ್ಲ.

ಓಡುತ್ತಾ ಚೆಂಡು ಹಿಡಿದ ಮಗುವಿಗೆ ನಿಲ್ಲಲು ಬಾರದಿದ್ದರೆ ಟ್ರಾವೆಲಿಂಗ್, ಅಂದರೆ ಚೆಂಡು ಹಿಡಿದುಕೊಂಡೇ ನಿಯಮ ಮೀರಿ ಹೆಜ್ಜೆ ಹಾಕಿದ ತಪ್ಪು, ಆಗಿ ಚೆಂಡು ಎದುರಾಳಿಗೆ ಹೋಗುತ್ತದೆ. ಶಾಟ್ ಎಷ್ಟು ಚೆನ್ನಾಗಿದ್ದರೂ ಅದನ್ನು ಹೊಡೆಯುವ ಅವಕಾಶವೇ ಸಿಗುವುದಿಲ್ಲ. ಗಾಳಿಯಲ್ಲಿರುವಾಗ ಚೆಂಡು ಹಿಡಿದು ಎರಡೂ ಪಾದಗಳನ್ನು ಒಟ್ಟಿಗೆ ಊರಿ ನಿಂತರೆ ಯಾವ ಕಾಲನ್ನಾದರೂ ಪಿವಟ್ (ನೆಲಕ್ಕೂರಿ ಅದರ ಮೇಲೆ ಮೈ ತಿರುಗಿಸುವ ಕಾಲು) ಮಾಡಿಕೊಳ್ಳಬಹುದು, ಒಂದರ ಹಿಂದೆ ಒಂದು ಊರಿದರೆ ಮೊದಲು ಊರಿದ ಕಾಲೇ ಪಿವಟ್. ಡ್ರಿಬಲ್, ಅಂದರೆ ಚೆಂಡನ್ನು ನೆಲಕ್ಕೆ ಪುಟಿಸುವುದನ್ನು, ಶುರು ಮಾಡುವಾಗ ಆ ಕಾಲು ನೆಲ ಬಿಡುವ ಮುನ್ನವೇ ಚೆಂಡು ಕೈ ಬಿಟ್ಟಿರಬೇಕು. ಪಾಸ್ ಅಥವಾ ಶಾಟ್‌ಗಾದರೆ ಕಾಲೆತ್ತಬಹುದು, ಆದರೆ ಚೆಂಡು ಕೈಯಲ್ಲಿರುವಾಗ ಅದನ್ನು ಮತ್ತೆ ಊರುವಂತಿಲ್ಲ. ಬಾಯಲ್ಲಿ ಹೇಳಿದರೆ ಗೊಂದಲವೆನಿಸುವ ಈ ನಿಯಮವನ್ನು ಮಕ್ಕಳು ಮಂಡಿ ಬಗ್ಗಿಸಿ, ನಿಂತು, ತಿರುಗಿ ಮಾಡಿದಾಗ ಬೇಗ ಗ್ರಹಿಸುತ್ತಾರೆ. ಇದಕ್ಕೆ ಚೆಂಡೂ ಬೇಕಿಲ್ಲವಾದ್ದರಿಂದ, ಕೆಳಗಿನ ಮನೆಯವರ ನಿದ್ದೆ ಕೆಡಿಸದೆ ಫ್ಲ್ಯಾಟಿನಲ್ಲೇ ಅಭ್ಯಾಸ ಮಾಡಬಹುದು. ಮಳೆಗಾಲದಲ್ಲಿ ಬಯಲಿನ ಸಿಮೆಂಟ್ ಕೋರ್ಟ್ ಜಾರುವಾಗ ಸೊಸೈಟಿಯ ಕಟ್ಟಡದಡಿಯ ಪಾರ್ಕಿಂಗ್ ಜಾಗವೇ ನಮಗೆ ಸಾಕಾಗುತ್ತದೆ.

ಶಾಟ್‌ನ ವಿಷಯದಲ್ಲಿ ನನ್ನ ಹಟ ಇನ್ನೂ ಗಟ್ಟಿ. ದೊಡ್ಡ ಗಂಡಸರು ಆಡುವ 7ನೇ ಸೈಜಿನ ಚೆಂಡನ್ನು ಒಂಬತ್ತು ವರ್ಷದ ಮಗುವಿನ ಕೈಗೆ ಕೊಟ್ಟು, 3.05 ಮೀಟರ್ ಎತ್ತರದ ರಿಂಗ್ ತೋರಿಸಿದರೆ, ಅದು ಚೆಂಡನ್ನು ಸೊಂಟದಿಂದ ಬೀಸಿ, ಮೈ ತಿರುಚಿ ಎಸೆಯುತ್ತದೆ. ಹಾಗೆ ಬಂದ ಅಭ್ಯಾಸವನ್ನು ಮುಂದೆ ಬಿಡಿಸುವುದು ಬಹಳ ಕಷ್ಟ. ಈ ವಯಸ್ಸಿಗೆ 5ನೇ ಸೈಜಿನ ಚೆಂಡೇ ಸರಿ. ಚಿಕ್ಕ ಮಕ್ಕಳಿಗಾಗಿಯೇ ಇರುವ ಮಿನಿ ಬಾಸ್ಕೆಟ್‌ಬಾಲ್‌ನಲ್ಲಿ ರಿಂಗ್ 2.60 ಮೀಟರ್ ಎತ್ತರದಲ್ಲಿರುತ್ತದೆ, ಆದರೆ ನಮಗೆ ಸಿಗುವ ಕೋರ್ಟ್‌ಗಳಲ್ಲಿ ಅಂಥದ್ದಿಲ್ಲ. ಅದಕ್ಕಾಗಿ ಮೊದಲು ಗೋಡೆಗೆ ಎಸೆಸುತ್ತೇನೆ: ಮೊಣಕೈ ಚೆಂಡಿನ ಕೆಳಗೆ, ಇನ್ನೊಂದು ಕೈ ಬರಿಯ ಆಸರೆಗೆ, ಕೊನೆಯಲ್ಲಿ ಮಣಿಕಟ್ಟು ಮುಂದಕ್ಕೆ ಬಾಗಬೇಕು. ಆಮೇಲೆ ರಿಂಗ್‌ನ ಪಕ್ಕಕ್ಕೆ ಒಂದೆರಡು ಹೆಜ್ಜೆ ದೂರದಲ್ಲಿ ನಿಲ್ಲಿಸಿ ಬೋರ್ಡ್‌ಗೆ ತಾಗಿಸಿ ಹಾಕಿಸುತ್ತೇನೆ. 6.75 ಮೀಟರ್ ದೂರದ ಥ್ರೀ ಪಾಯಿಂಟ್ ಗೆರೆಯ ಹತ್ತಿರಕ್ಕೂ ಬಿಡುವುದಿಲ್ಲ.

ಖಾಸಗಿ ತರಬೇತಿಗೆ ಒಂದು ನಿಜವಾದ ಕೊರತೆಯಿದೆ: ಎದುರು ಯಾರೂ ಇರುವುದಿಲ್ಲ. ಅಡ್ಡ ನಿಲ್ಲುವವರಿಲ್ಲದೆ ಕಲಿತ ಡ್ರಿಬಲ್ ಪಂದ್ಯದಲ್ಲಿ ಮೊದಲ ನಿಮಿಷಕ್ಕೇ ಕೈ ಜಾರುತ್ತದೆ. ಆದ್ದರಿಂದ ಒಬ್ಬರೇ ಬರುವ ಮಗುವಿಗೂ ವಾರದಲ್ಲಿ ಒಂದು ದಿನ ಜೊತೆಗಾರರನ್ನು ಹುಡುಕಿ ಕೂಡಿಸುತ್ತೇನೆ. ಮುಂಬೈಯ ಬಾಸ್ಕೆಟ್‌ಬಾಲ್‌ಗೆ ತವರಿನಂತಿರುವ ನಾಗಪಾಡಾದಲ್ಲಿ ಸಂಜೆಯ ಆಟ ನೋಡಿಕೊಂಡು ಬನ್ನಿ ಎಂದು ಪೋಷಕರಿಗೂ ಹೇಳುತ್ತೇನೆ. ಅಲ್ಲಿ ಚೆಂಡನ್ನಲ್ಲ, ಆಟಗಾರರ ಪಾದಗಳನ್ನು ನೋಡಿ ಎಂಬುದಷ್ಟೇ ನನ್ನ ಕೋರಿಕೆ.