ಐವರಲ್ಲಿ ಒಬ್ಬರೋ, ಹದಿನಾಲ್ವರಲ್ಲಿ ಒಬ್ಬರೋ: ಪಿಸಿಒಎಸ್ ಲೆಕ್ಕದ ಒಳಗುಟ್ಟು

ಐದು ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಪಿಸಿಒಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಮುಟ್ಟು ಮತ್ತು ಹಾರ್ಮೋನು ಏರುಪೇರಾಗುವ ತೊಂದರೆ) ಎಂದು ಒಂದು ಕಡೆ ಓದುತ್ತೀರಿ, ಹತ್ತರಲ್ಲಿ ಒಬ್ಬಳಿಗೆ ಎಂದು ಇನ್ನೊಂದು ಕಡೆ. ಯಾರೂ ಸುಳ್ಳು ಹೇಳುತ್ತಿಲ್ಲ. ಅಳೆಯುವ ಸೇರು ಬೇರೆ ಬೇರೆ, ಅಷ್ಟೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ದೇಶವ್ಯಾಪಿ ಅಧ್ಯಯನ 2024ರಲ್ಲಿ ಪ್ರಕಟವಾಯಿತು. 18ರಿಂದ 40 ವಯಸ್ಸಿನ 9,824 ಮಹಿಳೆಯರನ್ನು ಅದರಲ್ಲಿ ನೋಡಿದ್ದರು. ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ 1990ರ ಮಾನದಂಡ ಹಿಡಿದರೆ ಶೇ. 7.2 (ಸುಮಾರು ಹದಿನಾಲ್ವರಲ್ಲಿ ಒಬ್ಬರು), ಆಂಡ್ರೋಜನ್ ಎಕ್ಸೆಸ್ ಸೊಸೈಟಿಯ ಮಾನದಂಡಕ್ಕೆ ಶೇ. 13.6, 2003ರ ರೊಟರ್‌ಡ್ಯಾಮ್ ಮಾನದಂಡಕ್ಕೆ ಶೇ. 19.6. ಮಹಿಳೆಯರು ಅವರೇ, ಉತ್ತರ ಮಾತ್ರ ಮೂರು.

ಎಲ್ಲ ಮಾನದಂಡಗಳೂ ನೋಡುವುದು ಮೂರೇ ಸಂಗತಿ: ಮುಟ್ಟು ಏರುಪೇರಾಗಿದೆಯೇ, ಗಂಡು ಹಾರ್ಮೋನು (ಆಂಡ್ರೋಜನ್) ಹೆಚ್ಚಿದೆಯೇ, ಸ್ಕ್ಯಾನಿನಲ್ಲಿ ಅಂಡಾಶಯದ ತುಂಬ ಸಣ್ಣ ಸಣ್ಣ ಕೋಶಕಗಳು (ಅಂಡ ಬೆಳೆಯುವ ಚೀಲಗಳು) ಕಾಣುತ್ತಿವೆಯೇ. ಎನ್‌ಐಎಚ್‌ಗೆ ಮೊದಲ ಎರಡೂ ಇರಲೇಬೇಕು, ಸ್ಕ್ಯಾನ್ ಲೆಕ್ಕಕ್ಕಿಲ್ಲ. ಆಂಡ್ರೋಜನ್ ಸೊಸೈಟಿಗೆ ಗಂಡು ಹಾರ್ಮೋನಿನ ಲಕ್ಷಣ ಕಡ್ಡಾಯ, ಉಳಿದೆರಡರಲ್ಲಿ ಒಂದು ಸಾಕು. ರೊಟರ್‌ಡ್ಯಾಮ್‌ಗೆ ಮೂರರಲ್ಲಿ ಯಾವ ಎರಡಾದರೂ ಆದೀತು. ಹಾಗಾಗಿ ತಿಂಗಳು ತಿಂಗಳು ಸರಿಯಾಗಿ ಮುಟ್ಟಾಗುವವಳು ಕೂಡ, ಗಲ್ಲದ ಮೇಲೆ ಒರಟು ಕೂದಲಿದ್ದು ಸ್ಕ್ಯಾನಿನಲ್ಲೂ ಹಾಗೇ ಕಂಡರೆ, ರೊಟರ್‌ಡ್ಯಾಮ್ ಪಟ್ಟಿಗೆ ಸೇರುತ್ತಾಳೆ. ಈ ಅಧ್ಯಯನದಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಕ್ಕವರು ಇಂಥವರೇ. "ನಂಗೆ ಡೇಟ್ ಕರೆಕ್ಟಾಗಿ ಬರುತ್ತೆ, ಪಿಸಿಒಎಸ್ ಎಲ್ಲಿಂದ ಬಂತು" ಎನ್ನುವ ವಾದ ಅದಕ್ಕೇ ನಿಲ್ಲುವುದಿಲ್ಲ. ಮುಂಬೈಯಲ್ಲಿ ಹದಿಹರೆಯದವರು ಮತ್ತು ಯುವತಿಯರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಇದೇ ಕಥೆ: ರೊಟರ್‌ಡ್ಯಾಮ್‌ಗೆ ಶೇ. 22.5, ಆಂಡ್ರೋಜನ್ ಸೊಸೈಟಿಗೆ ಶೇ. 10.7.

ಈಗ ವೈದ್ಯರು ಹೆಚ್ಚಾಗಿ ಬಳಸುವುದು ರೊಟರ್‌ಡ್ಯಾಮ್ ಅನ್ನೇ, 2018 ಮತ್ತು 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿಗಳು ಅದನ್ನು ಬಿಗಿಗೊಳಿಸಿದ ರೂಪದಲ್ಲಿ. ನಮ್ಮಲ್ಲಿ ಎಡವಟ್ಟಾಗುವುದು ಮಾನದಂಡದಿಂದಲ್ಲ, ಸ್ಕ್ಯಾನ್ ರಿಪೋರ್ಟನ್ನೇ ಕಾಯಿಲೆ ಎಂದುಕೊಳ್ಳುವುದರಿಂದ. "ಪಿಸಿಒಡಿ" (ಇದೇ ತೊಂದರೆಗೆ ರೂಢಿಯ ಇನ್ನೊಂದು ಹೆಸರು) ಎಂದು ಒಂದು ಸಾಲು ಬರೆದಿದ್ದರೆ ಮನೆಯವರೆಲ್ಲ ಗಾಬರಿ. ಮೊದಲನೆಯದಾಗಿ ಸ್ಕ್ಯಾನಿನಲ್ಲಿ ಕಾಣುವವು ಸಿಸ್ಟ್‌ಗಳೇ (ನೀರುಗುಳ್ಳೆಗಳೇ) ಅಲ್ಲ, 2ರಿಂದ 9 ಮಿಲಿಮೀಟರ್ ಗಾತ್ರದ, ಬೆಳವಣಿಗೆ ಅರ್ಧಕ್ಕೇ ನಿಂತ ಕೋಶಕಗಳು. ಕತ್ತರಿಸಿ ತೆಗೆಯುವಂಥದ್ದು ಅಲ್ಲಿ ಏನೂ ಇಲ್ಲ.

ರಿಪೋರ್ಟಿನಲ್ಲಿ ನೋಡಬೇಕಾದ್ದು ಎರಡು ಅಂಕಿ. ಯಾವುದಾದರೂ ಒಂದು ಅಂಡಾಶಯದಲ್ಲಿ ಕೋಶಕಗಳು 20 ಅಥವಾ ಹೆಚ್ಚು, ಇಲ್ಲವೇ ಅಂಡಾಶಯದ ಗಾತ್ರ 10 ಮಿಲಿಲೀಟರ್ ಅಥವಾ ಹೆಚ್ಚು. ಮದುವೆಯಾಗದ ಹುಡುಗಿಯರಿಗೆ ಸಾಮಾನ್ಯವಾಗಿ ಹೊಟ್ಟೆಯ ಮೇಲಿಂದ ಸ್ಕ್ಯಾನ್ ಮಾಡುತ್ತಾರೆ. ಅದರಲ್ಲಿ ಕೋಶಕ ಎಣಿಸುವುದು ನಂಬಿಕೆಗೆ ಅರ್ಹವಲ್ಲ, ಗಾತ್ರವನ್ನೇ ನೋಡಬೇಕು. ಗಾತ್ರ ಬರೆಯದೆ ಮೂರು ಅಳತೆ ಮಾತ್ರ ಕೊಟ್ಟಿದ್ದರೆ ನೀವೇ ಲೆಕ್ಕ ಹಾಕಬಹುದು: ಸೆಂಟಿಮೀಟರಿನಲ್ಲಿರುವ ಉದ್ದ, ಅಗಲ, ದಪ್ಪ ಗುಣಿಸಿ, ಬಂದದ್ದನ್ನು 0.52ರಿಂದ ಗುಣಿಸಿ. 3.8 × 2.6 × 2.1 ಇದ್ದರೆ ಸುಮಾರು 10.8 ಮಿಲಿಲೀಟರ್, ಗೆರೆ ದಾಟಿತು. 3.4 × 2.2 × 1.9 ಇದ್ದರೆ 7.4, ದಾಟಲಿಲ್ಲ. ಆ ತಿಂಗಳು ಒಂದು ಕೋಶಕ 10 ಮಿಲಿಮೀಟರ್‌ಗಿಂತ ದೊಡ್ಡದಾಗಿ ಬೆಳೆದಿದ್ದರೂ ಗಾತ್ರ ಉಬ್ಬಿ ಕಾಣುತ್ತದೆ, ಆಗ ಆ ಅಳತೆ ನಂಬದೆ ಮುಂದೆ ಇನ್ನೊಮ್ಮೆ ನೋಡಬೇಕು.

ದೊಡ್ಡವಳಾಗಿ ಎಂಟು ವರ್ಷ ಕಳೆಯದ ಹುಡುಗಿಗೆ ಪಿಸಿಒಎಸ್ ಪತ್ತೆಗೆಂದು ಸ್ಕ್ಯಾನ್ ಮಾಡಿಸುವುದೇ ಬೇಡ ಎನ್ನುತ್ತದೆ ಮಾರ್ಗಸೂಚಿ. ಆ ವಯಸ್ಸಿನಲ್ಲಿ ಆರೋಗ್ಯವಂತ ಅಂಡಾಶಯವೂ ಹಾಗೇ ಕಾಣುತ್ತದೆ. ಹದಿನಾರರ ಹುಡುಗಿಗೆ ಬರೀ ಸ್ಕ್ಯಾನ್ ನೋಡಿ ಈ ಹೆಸರು ಅಂಟಿಸಿದರೆ, ಅದು ಮದುವೆ ಮಾತುಕತೆಯವರೆಗೂ ಬೆನ್ನು ಬಿಡುವುದಿಲ್ಲ.

ಮುಟ್ಟಿನ ಲೆಕ್ಕಕ್ಕೆ ಬರೋಣ. ರಕ್ತ ಕಂಡ ಮೊದಲ ದಿನದಿಂದ ಮುಂದಿನ ಸಲದ ಮೊದಲ ದಿನದವರೆಗೆ ಎಣಿಸಬೇಕು, ನಿಂತ ದಿನದಿಂದಲ್ಲ. ದೊಡ್ಡವಳಾದ ಮೊದಲ ವರ್ಷ ಏರುಪೇರು ಸಹಜ. ಒಂದರಿಂದ ಮೂರು ವರ್ಷದವರೆಗೆ 45 ದಿನ ಮೀರಿದರೆ, ಆಮೇಲೆ 35 ದಿನ ಮೀರಿದರೆ ಅಥವಾ ವರ್ಷಕ್ಕೆ ಎಂಟಕ್ಕಿಂತ ಕಡಿಮೆ ಸಲ ಆದರೆ ಅದು ಏರುಪೇರು. 21 ದಿನದೊಳಗೇ ಮತ್ತೆ ಬಂದರೂ ಅಷ್ಟೆ. ಹಬ್ಬ, ಗೃಹಪ್ರವೇಶ ಎಂದು ಮುಂದೂಡುವ ಮಾತ್ರೆ ನುಂಗಿದ ತಿಂಗಳನ್ನು ಈ ಲೆಕ್ಕದಿಂದ ಬಿಡಿ. ಕ್ಯಾಲೆಂಡರಿನಲ್ಲಿ ಅದಕ್ಕೊಂದು ಗುರುತು ಹಾಕಿಟ್ಟರೆ ವೈದ್ಯರಿಗೂ ಸುಲಭ.

ಗಂಡು ಹಾರ್ಮೋನಿನ ಗುರುತಾದ ಕೂದಲಿನ ವಿಷಯದಲ್ಲಿ ನಾಚಿಕೆಯೇ ತೊಡಕು. ಮೇಲ್ದುಟಿ, ಗಲ್ಲ, ಎದೆ, ಮೇಲ್ಹೊಟ್ಟೆ, ಕೆಳಹೊಟ್ಟೆ, ಬೆನ್ನಿನ ಮೇಲ್ಭಾಗ, ಸೊಂಟದ ಹಿಂಭಾಗ, ತೋಳು, ತೊಡೆ ಎಂದು ಒಂಬತ್ತು ಜಾಗಕ್ಕೆ 0ರಿಂದ 4ರವರೆಗೆ ಅಂಕ ಕೊಟ್ಟು ಕೂಡಿಸುತ್ತಾರೆ. ನಾಲ್ಕರಿಂದ ಆರು ಬಂದರೂ ಹೆಚ್ಚು ಎಂದೇ ಅರ್ಥ. ಹಿಂದಿನ ದಿನ ಪಾರ್ಲರ್‌ಗೆ ಹೋಗಿ ಥ್ರೆಡಿಂಗ್, ವ್ಯಾಕ್ಸಿಂಗ್ ಮಾಡಿಸಿಕೊಂಡು ಬಂದು ಕೂತರೆ ವೈದ್ಯರಿಗೆ ಕಾಣುವುದು ಸೊನ್ನೆ. ಎಷ್ಟು ದಿನಕ್ಕೊಮ್ಮೆ ತೆಗೆಸುತ್ತೀರಿ ಎಂಬುದನ್ನಾದರೂ ಬಾಯಿಬಿಟ್ಟು ಹೇಳಬೇಕು.

ರಕ್ತ ಪರೀಕ್ಷೆಯಲ್ಲಿ ಹೆಚ್ಚು ಕೆಡುವುದು ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನಿನ ಲೆಕ್ಕ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಅಂಕಿ ನಂಬುವಂತಿಲ್ಲ. ಮಾತ್ರೆ ನಿಲ್ಲಿಸಿ ಕನಿಷ್ಠ ಮೂರು ತಿಂಗಳಾಗಿರಬೇಕು, ಆ ಅವಧಿಗೆ ಬೇರೆ ಗರ್ಭನಿರೋಧಕ ನೋಡಿಕೊಳ್ಳಬೇಕು. ಜೊತೆಗೆ ಥೈರಾಯ್ಡ್, ಪ್ರೊಲ್ಯಾಕ್ಟಿನ್, 17-ಒಎಚ್ ಪ್ರೊಜೆಸ್ಟೆರಾನ್ ಎಂಬ ಬೇರೆ ಹಾರ್ಮೋನುಗಳನ್ನು ನೋಡದೆ ಪಿಸಿಒಎಸ್ ಎಂದು ಹೆಸರಿಡುವುದು ಆತುರದ ಕೆಲಸ. ಇವುಗಳ ತೊಂದರೆಯೂ ಹೆಚ್ಚುಕಡಿಮೆ ಇದೇ ವೇಷದಲ್ಲಿ ಬರುತ್ತದೆ.

ಹೆಸರು ಖಚಿತವಾದ ಮೇಲೆ ಬಹುಪಾಲು ಜನ ಮರೆಯುವುದು ಸಕ್ಕರೆ ಪರೀಕ್ಷೆ. ತೆಳ್ಳಗಿದ್ದವರೂ ಮಾಡಿಸಬೇಕು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ ರಕ್ತ ಕೊಟ್ಟು, 75 ಗ್ರಾಂ ಗ್ಲೂಕೋಸನ್ನು ಒಂದು ದೊಡ್ಡ ಲೋಟ ನೀರಿಗೆ ಬೆರೆಸಿ ಐದು ನಿಮಿಷದೊಳಗೆ ಕುಡಿದು, ಎರಡು ಗಂಟೆ ಬಿಟ್ಟು ಮತ್ತೆ ಕೊಡುವುದು. ಎರಡನೆಯದು 140 ಮುಟ್ಟಿದರೆ ಎಚ್ಚರ, 200 ಮುಟ್ಟಿದರೆ ಮಧುಮೇಹ. ಈ ಎರಡು ಗಂಟೆ ಲ್ಯಾಬಿನಲ್ಲೇ ಕೂತಿರಿ. ನಡುವೆ ಕಾಫಿ ಕುಡಿದು ಬಂದರೆ, ಇಲ್ಲವೇ ಮಾರ್ಕೆಟ್ ಸುತ್ತಿ ಬಂದರೆ ಅಂಕಿ ಕೆಟ್ಟಂತೆ. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಸುಲಭ ನಿಜ, ಆದರೆ ಕಬ್ಬಿಣಾಂಶದ ಕೊರತೆ ಇದ್ದರೆ ಅದು ದಾರಿ ತಪ್ಪಿಸುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ಆ ಕೊರತೆ ಎಷ್ಟು ಎಂದು ಬೇರೆ ಹೇಳಬೇಕಾಗಿಲ್ಲ.

ಕೊನೆಗೆ ಮುಟ್ಟು ನಿಂತೇ ಹೋದವರ ವಿಷಯ. ಮೂರು ತಿಂಗಳು ದಾಟಿದರೂ ಬಾರದಿದ್ದರೆ ಗರ್ಭಕೋಶದ ಒಳಪದರ ಉದುರದೆ ದಪ್ಪವಾಗುತ್ತಾ ಹೋಗುತ್ತದೆ. ಇದು ವರ್ಷಗಟ್ಟಲೆ ನಡೆದರೆ ಆ ಪದರದಲ್ಲಿ ಕ್ಯಾನ್ಸರ್ ಅಪಾಯ ಹೆಚ್ಚುತ್ತದೆ. ಅದಕ್ಕೇ ವೈದ್ಯರು ಪ್ರೊಜೆಸ್ಟೆರಾನ್ ಗುಂಪಿನ ಮಾತ್ರೆ ಕೆಲವು ದಿನ ಕೊಟ್ಟು ಮುಟ್ಟು ಬರಿಸುವುದು. ಔಷಧಿ ಅಂಗಡಿಯಲ್ಲಿ ಕೇಳಿ ತಂದು ನುಂಗುವ ಮಾತ್ರೆ ಅದಲ್ಲ. ಗರ್ಭ ನಿಲ್ಲುವ ಸಾಧ್ಯತೆ ಇರುವವರು ಅದಕ್ಕೂ ಮೊದಲು ಮೂತ್ರದ ಗರ್ಭ ಪರೀಕ್ಷೆ ಮಾಡಿಕೊಳ್ಳಬೇಕು. ಪಿಸಿಒಎಸ್‌ನಲ್ಲಿ ಅಂಡ ಬಿಡುಗಡೆಯಾಗುವುದು ಅಪರೂಪವಾಗಬಹುದು, ಆಗುವುದೇ ಇಲ್ಲವೆಂದಲ್ಲ. ನಾಲ್ಕು ತಿಂಗಳಿಂದ ಬಾರದ ಮುಟ್ಟಿಗೆ ಕಾರಣ ಕೆಲವೊಮ್ಮೆ ಬಸಿರೇ ಆಗಿರುತ್ತದೆ.