ಐದು ಜನಕ್ಕೆ ನಾಲ್ಕು ಬಿಲ್ಲೆ

ಭಾನುವಾರದಿಂದ ಒಂದೇ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಮಟನ್ ಅಂಗಡಿಯವನು ಕೇಳಿದ್ದು.

"ತುಂಡು ಮಾಡ್ದೆ ಹಂಚೋದು ಹೆಂಗಕ್ಕ?"

ಅವನು ತಮಾಷೆಗೆ ಕೇಳಲಿಲ್ಲ. ಕುರಿಯ ಹಿಂದಿನ ತೊಡೆ ಮರದ ಕೊರಡಿನ ಮೇಲೆ ಮಲಗಿತ್ತು. ಕೈಯಲ್ಲಿ ಮಚ್ಚು ಎತ್ತಿ ಹಿಡಿದಿದ್ದ. ಉತ್ತರ ಸಿಗುವವರೆಗೂ ಇಳಿಸುವುದಿಲ್ಲ ಅನ್ನುವ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದ. ನನ್ನ ಹಿಂದೆ ಏಳೆಂಟು ಜನ ನಿಂತಿದ್ದರು. ಎಲ್ಲರೂ ಗಂಡಸರೇ. ಭಾನುವಾರ ಬೆಳಿಗ್ಗೆ ಮೈಸೂರಿನ ಮಟನ್ ಅಂಗಡಿ ಮುಂದೆ ಹೆಂಗಸು ನಿಂತರೆ, ಪಾಪ ಮನೆಯಲ್ಲಿ ಗಂಡಸರಿಗೆ ಹುಷಾರಿಲ್ಲವೇನೋ ಅನ್ನೋ ಥರ ಜನ ನೋಡುತ್ತಾರೆ. ನಮ್ಮನೆಯವರು ಹುಷಾರಾಗಿಯೇ ಇದ್ದರು. ಅವರನ್ನು ಕಳಿಸಿದ್ದರೆ ಹೇಳಿದ್ದೆಲ್ಲ ಮರೆತು ಸಾರಿಗೆ ತುಂಡು ಮಾಡಿಸಿಕೊಂಡು ಬರುತ್ತಿದ್ದರು, ಅದಕ್ಕೇ ನಾನೇ ಹೋಗಿದ್ದು.

ಮಗಳ ಹುಟ್ಟುಹಬ್ಬ. ಬೆಂಗಳೂರಲ್ಲಿ ಹಾಸ್ಟೆಲ್‌ನಲ್ಲಿದ್ದಾಳೆ. ಫ್ರೆಂಡ್ಸ್ ಜೊತೆ ಎಲ್ಲೋ ಹೋಗಿ ಸ್ಟೇಕ್ ತಿಂದು ಬಂದಿದ್ದಳು. ತವಾ ಮೇಲೆ ಹುರಿದು, ಮೇಲೆ ಘಮಘಮ ಬೆಣ್ಣೆ ಸಾಸ್ ಸುರಿದಿದ್ದು. "ಅಮ್ಮ, ಈ ಸಲ ಕೇಕ್ ಬೇಡ, ಅದೇ ಮಾಡೋಣ" ಅಂದಳು. ಸ್ಟೇಕ್ ಅಂದರೆ ದಪ್ಪಗೆ ಕೊಯ್ದ ಮಾಂಸದ ಬಿಲ್ಲೆ, ಪಶ್ಚಿಮದ ದೇಶಗಳಲ್ಲಿ ಮುಖ್ಯವಾಗಿ ದನದ ಮಾಂಸದ್ದು. ನಮ್ಮ ಮನೆಯಲ್ಲಿ ಅದು ತಿನ್ನುವುದಿಲ್ಲ. ಕುರಿ ತೊಡೆಯನ್ನು ಮೂಳೆ ಸಮೇತ ಅಡ್ಡಕ್ಕೆ ಕೊಯ್ದು ಹೀಗೇ ಮಾಡುವುದೂ ಉಂಟು ಅಂತ ಗೊತ್ತಾಯಿತು. ಸರಿ, ಕುರಿಯದೇ ಆಗಲಿ ಅಂದೆ.

"ಒಂದಿಂಚು ದಪ್ಪ, ದುಂಡಗೆ, ಮೂಳೆ ನಡುವೆ ಬರೋ ಹಾಗೆ ಐದು ಬಿಲ್ಲೆ ಹಾಕಿಕೊಡಿ" ಅಂದೆ.

"ಬಿಲ್ಲೆನಾ?"

"ಹೂಂ. ಆಮೇಲೆ ಕತ್ತರಿಸಬೇಡಿ. ಹಾಗೇ ಇರಲಿ."

ಅವನು ತೊಡೆಯನ್ನು ತಿರುಗಿಸಿ ನೋಡಿದ. "ಇದು ನಮ್ಮ ಬನ್ನೂರು ಕುರಿ ಅಕ್ಕ, ಕುಳ್ಳು. ನೀವು ಕೇಳೋ ಥರ ಒಂದು ತೊಡೇಲಿ ನಾಲ್ಕು ಬಂದ್ರೆ ಹೆಚ್ಚು. ಎಷ್ಟು ಜನ ಮನೇಲಿ?"

"ಐದು."

ಆಗ ಕೇಳಿದ್ದು ಆ ಮಾತು. ತುಂಡು ಮಾಡ್ದೆ ಹಂಚೋದು ಹೆಂಗಕ್ಕ? ನನ್ನ ಹಿಂದಿದ್ದ ಒಬ್ಬರು ವಯಸ್ಸಾದವರು, "ಅದೇ ಮತ್ತೆ" ಅಂದರು. ನನಗೆ ಯಾಕೋ ರೇಗಿತು. "ಹೇಳಿದಷ್ಟು ಮಾಡಿ" ಅಂದುಬಿಟ್ಟೆ. ಅವನು ಮಾಡಿದ. ಮೊದಲನೇ ಬಿಲ್ಲೆ ಸೊಟ್ಟಗೆ ಬಂತು. ಮಚ್ಚಿನ ಏಟಿಗೆ ಮೂಳೆ ಚೂರು ಸಿಡಿದವು. ಇದಕ್ಕೆ ಗರಗಸ ಬೇಕು, ಮಚ್ಚಲ್ಲ. ಸಾರಿಗೆ, ಪಲಾವಿಗೆ, ಫ್ರೈಗೆ ಇಂತಿಂಥ ಸೈಜು ಅಂತ ಇಪ್ಪತ್ತು ವರ್ಷದಿಂದ ಕಣ್ಣು ಮುಚ್ಚಿ ಕಡಿಯುವ ಕೈ ಅದು. ನಾನು ಕೇಳಿದ್ದಕ್ಕೆ ತಡವರಿಸುತ್ತಿತ್ತು. ಸುಮ್ನೆ ರೇಗಿದೆ ಅಂತ ಆಟೋದಲ್ಲಿ ಬರುವಾಗಲೇ ಅನ್ನಿಸಿತು.

ಬನ್ನೂರು ಕುರಿ ಬಗ್ಗೆ ಅವನು ಹೇಳಿದ್ದು ನಿಜ. ಬನ್ನೂರು ಇರುವುದು ತಿ. ನರಸೀಪುರ ತಾಲ್ಲೂಕಿನಲ್ಲಿ. ತಳಿಗೆ ಮಂಡ್ಯ ತಳಿ ಅಂತಲೂ ಹೆಸರು, ಬಂಡೂರು ಕುರಿ ಅಂತಲೂ ಹೆಸರು. ಬಂಡೂರು ಅನ್ನೋ ಹಳ್ಳಿ ನಮ್ಮ ಮಳವಳ್ಳಿ ತಾಲ್ಲೂಕಿನದು, ನನ್ನ ತವರಿನ ಕಡೆ. ಗಿಡ್ಡ ಕಾಲು, ಅಗಲ ಬೆನ್ನು, ಹಿಂದಿನಿಂದ ನೋಡಿದರೆ ಲಾಳ ಕವುಚಿಟ್ಟ ಹಾಗೆ. ಮಾಂಸದ ಎಳೆಗಳ ನಡುವೆಯೇ ಕೊಬ್ಬು ಹರಡಿಕೊಂಡಿರುತ್ತದೆ, ರುಚಿ ಅದರದೇ. ಮೈಸೂರಿನ ಮಟನ್ ಅಂಗಡಿಗಳ ಬೋರ್ಡುಗಳನ್ನೆಲ್ಲ ನಂಬಿದರೆ ಇಲ್ಲಿ ಬೇರೆ ಕುರಿ ಮಾರುವುದೇ ಇಲ್ಲ ಅನ್ನಬೇಕು. ನಾನು ಅಷ್ಟೆಲ್ಲ ನಂಬುವುದಿಲ್ಲ, ಆದರೆ ಈ ಅಂಗಡಿಯವನನ್ನು ನಂಬುತ್ತೇನೆ.

ಅವ್ವ ಶನಿವಾರವೇ ಊರಿಂದ ಬಂದಿದ್ದಳು, ಮೊಮ್ಮಗಳ ಹುಟ್ಟುಹಬ್ಬಕ್ಕೆ ಒಂದು ಸ್ಟೀಲ್ ಡಬ್ಬಿ ಬೆಣ್ಣೆ ತಂದು. ಹೆಪ್ಪು ಹಾಕಿ, ಕಡೆದು ತೆಗೆದ ಬೆಣ್ಣೆ. ಚೂರು ಹುಳಿ ವಾಸನೆ, ಒತ್ತಿದರೆ ನೀರು ಒಸರುವಂಥದ್ದು. ಬಿಲ್ಲೆಗಳನ್ನು ನೋಡಿ ಅವಳು ಏನೂ ಹೇಳಲಿಲ್ಲ. ನೋಡಿದಳು, ಪೊಟ್ಟಣ ಮತ್ತೆ ಮಡಚಿದಳು. ಅವ್ವನ ಇಂಥ ಮೌನ ನನಗೆ ಚೆನ್ನಾಗಿ ಗೊತ್ತು. ಬೈದರೆ ವಾಸಿ.

ನಮ್ಮನೆಯವರು ಅಡುಗೆಮನೆ ಬಾಗಿಲಲ್ಲಿ ಮೊಬೈಲ್ ಹಿಡಿದು ನಿಂತರು. ಓದಿ ಹೇಳುವುದರಲ್ಲಿ ಅವರು ಉಸ್ತಾದ್. ಮುಕ್ಕಾಲು ಗಂಟೆ ಮೊದಲೇ ಉಪ್ಪು ಸವರಬೇಕು. ಮೊದಲು ನೀರು ಬಿಡುತ್ತೆ, ಆಮೇಲೆ ಅದನ್ನೇ ಎಳೆದುಕೊಳ್ಳುತ್ತೆ. ಹುರಿಯುವ ಮುಂಚೆ ಒದ್ದೆ ಒಂದು ಚೂರೂ ಇರದ ಹಾಗೆ ಬಟ್ಟೆಯಲ್ಲಿ ಒತ್ತಿ ಒರೆಸಬೇಕು. ಇದೆಲ್ಲ ಸರಿಯೇ. ನೀರು ನೂರು ಡಿಗ್ರಿ ದಾಟುವುದಿಲ್ಲ, ಮಾಂಸ ಚೆನ್ನಾಗಿ ಕಂದಾಗಲು ಅದಕ್ಕಿಂತ ಎಷ್ಟೋ ಹೆಚ್ಚು, ಸುಮಾರು 140 ಡಿಗ್ರಿ ಬೇಕು. ಒದ್ದೆ ಇದ್ದರೆ ಬೇಯುತ್ತದೆ, ಹುರಿಯುವುದಿಲ್ಲ. ಆ ಕಂದುಬಣ್ಣಕ್ಕೆ, ಆ ವಾಸನೆಗೆ ಮೈಯಾರ್ ಕ್ರಿಯೆ ಅಂತ ಹೆಸರು. ಮೈಯಾರ್ ಅನ್ನೋ ಫ್ರೆಂಚ್ ವಿಜ್ಞಾನಿ 1912ರಲ್ಲಿ ಅದನ್ನು ವಿವರಿಸಿದ್ದು. ನಮ್ಮ ರೊಟ್ಟಿ ಕೆಂಪಗಾಗುವುದೂ ಅದೇ, ಕಾಫಿಬೀಜ ಹುರಿಯುವಾಗ ಬರುವ ಘಮದಲ್ಲೂ ಅದೇ.

"ಜೋರು ಉರೀಲಿ ಹುರಿದ್ರೆ ರಸ ಎಲ್ಲ ಒಳಗೇ ಸೀಲ್ ಆಗುತ್ತೆ" ಅಂತಲೂ ಓದಿದರು. ಇದು ಮಾತ್ರ ಸುಳ್ಳು. ಹತ್ತೊಂಬತ್ತನೇ ಶತಮಾನದಲ್ಲಿ ಲೀಬಿಗ್ ಅನ್ನೋ ಜರ್ಮನ್ ವಿಜ್ಞಾನಿ ಹಬ್ಬಿಸಿದ ನಂಬಿಕೆ, ಇನ್ನೂ ಹೋಗಿಲ್ಲ. ಸೀಲ್ ಆಗಿದ್ದರೆ ತವಾ ಮೇಲೆ ಚುಂಯ್ ಅನ್ನುವುದು ಏನು? ರಸ ಹೊರಗೆ ಬೀಳುವ ಸದ್ದೇ ಅಲ್ವಾ? ಅವರಿಗೆ ಹೇಳಲು ಹೋಗಲಿಲ್ಲ. ಮೊಬೈಲಿನಲ್ಲಿ ಬಂದಿದ್ದರ ಮುಂದೆ ಹೆಂಡತಿ ಮಾತು ನಿಲ್ಲುವುದಿಲ್ಲ.

ಅಂಚಿರುವ ದಪ್ಪ ಕಬ್ಬಿಣದ ತವಾ ಇಟ್ಟೆ. ದೋಸೆ ಕಾವಲಿ ಮುಟ್ಟಲು ಅವ್ವ ಬಿಡಲಿಲ್ಲ, ಅದಕ್ಕೆ ಬಾಡು ಸೋಕಿಸಬಾರದು. ಹೊಗೆ ಬರುವವರೆಗೆ ಕಾಯಿಸಿದೆ. ಆತುರದಲ್ಲಿ ಬೆಣ್ಣೆ ಮೊದಲೇ ಹಾಕಿಬಿಟ್ಟೆ, ಮೇಲೆ ಎರಡು ಬಿಲ್ಲೆ. ಒಂದು ಸಲ ಸಿಡಿಯಿತು ನೋಡಿ, ನಮ್ಮನೆಯವರು ಮೊಬೈಲ್ ಸಮೇತ ಹಾಲ್‌ಗೆ ಓಡಿದರು. ಅವ್ವನ ಬೆಣ್ಣೆಯಲ್ಲಿದ್ದ ನೀರೆಲ್ಲ ಒಮ್ಮೆಗೇ ಎದ್ದಿತ್ತು. ಎರಡು ನಿಮಿಷಕ್ಕೆ ತವಾ ತುಂಬ ಕರಿ ಕರಿ ಚುಕ್ಕೆ, ಸುಟ್ಟ ಹಾಲಿನ ಕಹಿ ವಾಸನೆ.

ಆಗ ಬಂದಳು ಅವ್ವ, ಸೆರಗು ಸಿಕ್ಕಿಸಿಕೊಂಡು. "ಬೆಣ್ಣೆ ಕಾಯ್ಸೋದ್ನೂ ಮರ್ತ್‌ಬುಟ್ಟಾ ಮೈಸೂರಿಗ್ ಬಂದು?"

ತವಾ ತೊಳೆಸಿದಳು. ಈ ಸಲ ಕಡಲೆಕಾಯಿ ಎಣ್ಣೆ ಹಾಕಿ, ಉಳಿದೆರಡು ಬಿಲ್ಲೆ ಒಂದೊಂದು ಮಗ್ಗುಲು ಮೂರು ಮೂರು ನಿಮಿಷ ಹುರಿದೆ. ಅಂಚಿನ ಕೊಬ್ಬು ಕರಗಿ ಕಂದಾಗಿ, ಮನೆಯೆಲ್ಲ ಹಬ್ಬದ ವಾಸನೆ. ಉರಿ ತಗ್ಗಿಸಿ ಅವ್ವನ ಕೈಗೆ ಚಮಚ ಕೊಟ್ಟೆ. ಕೊಟ್ಟೆ ಅಂತ ನಾನು ಹೇಳಿಕೊಳ್ಳಬೇಕು, ಅವಳೇ ಕಿತ್ತುಕೊಂಡಿದ್ದು.

ಬೆಣ್ಣೆಯ ದೊಡ್ಡ ಉಂಡೆಯೊಂದು ತವಾದ ಒಂದು ಮೂಲೆಗೆ ಬಿತ್ತು. ಕರಗಿ ನೊರೆ ಎದ್ದಿತು. ಚಟಪಟ ಅನ್ನತೊಡಗಿತು. "ಈಗ ಏನೂ ಹಾಕ್ಬೇಡ" ಅಂದಳು. ಕಿವಿ ಹತ್ತಿರ ತಂದು ನಿಂತಳು. ಅವಳು ತುಪ್ಪ ಕಾಯಿಸುವುದು ಕಣ್ಣಲ್ಲಿ ಅಲ್ಲ, ಕಿವಿಯಲ್ಲಿ. ಚಟಪಟ ಸಣ್ಣದಾಯಿತು, ಸಣ್ಣದಾಯಿತು, ನಿಂತಿತು. ನೀರು ಹೋಯಿತು ಅಂತ ಅರ್ಥ. ತಳದಲ್ಲಿ ಗಸಿ ಗೋಧಿ ಬಣ್ಣಕ್ಕೆ ತಿರುಗುತ್ತಿತ್ತು. "ಈಗ ಹಾಕು." ಜಜ್ಜಿದ ಬೆಳ್ಳುಳ್ಳಿ, ಕುಟ್ಟಿದ ಮೆಣಸು, ಒಂದು ಹಿಡಿ ಕರಿಬೇವು ಹಾಕಿದೆ. ಥೈಮ್, ರೋಸ್‌ಮೆರಿ ಅಂತ ಪುಟ್ಟ ಬಾಟಲಿಗಳನ್ನು ಮಗಳು ತಂದಿದ್ದಳು, ಅವು ಮುಚ್ಚಳ ಬಿಚ್ಚದೆ ಹಾಗೇ ಇವೆ. ಅವ್ವ ತನ್ನ ಎಲೆಅಡಿಕೆ ಚೀಲದಿಂದ ಒಂದು ವೀಳ್ಯದೆಲೆ ತೆಗೆದು, ತೊಟ್ಟು ಮುರಿದು, ಎರಡು ಭಾಗ ಮಾಡಿ ಬಿಟ್ಟಳು. ತುಪ್ಪಕ್ಕೆ ಹಾಕುವ ಹಾಗೆಯೇ. ಮಗಳು "ಅಜ್ಜೀ!" ಅಂತ ಕೂಗಿದಳು. ಅಜ್ಜಿ ತಿರುಗಿಯೂ ನೋಡಲಿಲ್ಲ. ತವಾ ವಾಲಿಸಿ, ಚಮಚದಲ್ಲಿ ಬೆಣ್ಣೆ ಎತ್ತಿ ಎತ್ತಿ ಬಿಲ್ಲೆ ಮೇಲೆ ಸುರಿದಳು. ಕೊನೆಗೆ ಒಲೆ ಆರಿಸಿ ಅರ್ಧ ನಿಂಬೆಹಣ್ಣು ಹಿಂಡಿದಳು.

ಇಷ್ಟು ಕಾಯಿಸಿದ ಕಂದು ಬೆಣ್ಣೆಗೆ ಫ್ರೆಂಚರು ಬ್ಯೂರ್ ನ್ವಾಜೆಟ್ ಅನ್ನುತ್ತಾರಂತೆ, ಹೇಜಲ್‌ನಟ್ ಬೀಜದ ವಾಸನೆ ಬರುತ್ತದೆ ಅಂತ. ಮಗಳು ವಿವರಿಸಿದಳು. ಅವ್ವ ಕೇಳಿಸಿಕೊಂಡು, "ತುಪ್ಪ ಆಗೋಕೆ ಇನ್ನೊಂದು ಗಳಿಗೆ ಐತೆ ಅಂತ ಅವರ ಭಾಷೇಲಿ ಹೇಳ್ತಾರೆ" ಅಂದಳು.

ಸರಿ, ಬಡಿಸುವ ಹೊತ್ತು ಬಂತು. ನಾಲ್ಕು ಬಿಲ್ಲೆ, ಅದರಲ್ಲಿ ಎರಡು ಸ್ವಲ್ಪ ಕರಕಲು. ಅವ್ವ, ನಾವಿಬ್ಬರು, ಮಗಳು, ಮಗ. ಐದು ತಟ್ಟೆ. ಅಂಗಡಿಯವನು ಕೇಳಿದ ಲೆಕ್ಕ ಈಗ ಟೇಬಲ್ ಮೇಲಿತ್ತು. "ನಂಗೆ ಹಸಿವಿಲ್ಲ" ಅಂತ ನಮ್ಮನೆಯವರು ಶುರು ಮಾಡಿದರು. ಈ ಮನುಷ್ಯನಿಗೆ ಇಪ್ಪತ್ತೆರಡು ವರ್ಷದಲ್ಲಿ ಮಟನ್ ಮುಂದೆ ಹಸಿವಿಲ್ಲದ್ದನ್ನು ನಾನು ನೋಡಿಲ್ಲ. ನಾನೂ ಅದನ್ನೇ ಹೇಳಲು ಬಾಯಿ ತೆರೆದಿದ್ದೆ. ಮಗಳು ತನ್ನದನ್ನು ಕೊಯ್ದಳು. ಒಳಗೆ ಗುಲಾಬಿ ಬಣ್ಣ, ತಟ್ಟೆಗೆ ಕೆಂಪು ನೀರು ಇಳಿಯಿತು. "ರಕ್ತ ಕಣವ್ವಾ, ಬೆಂದಿಲ್ಲ!" ಅಂದಳು ಅವ್ವ. ಅದು ರಕ್ತವಲ್ಲ, ಮಾಂಸಕ್ಕೆ ಕೆಂಪು ಬಣ್ಣ ಕೊಡುವ ಮಯೋಗ್ಲೋಬಿನ್ ಅಂತ ಹೇಳಿದೆ. ಹೇಳಿದ್ದು ಸರಿ, ಅಗಿಯಲು ಹೋದರೆ ಹಲ್ಲಿಗೆ ಬರಲಿಲ್ಲ. ಬಯಲಲ್ಲಿ ಮೇಯ್ದು ನಡೆದ ಕುರಿಯ ತೊಡೆ ಅದು. ದುಡಿದ ಕಾಲು. ಅದನ್ನು ಮೆದು ಮಾಡಲು ನಿಧಾನದ ಬೇಯಿಸುವಿಕೆ ಬೇಕು, ಅದಕ್ಕೇ ನಾವು ಕುಕ್ಕರ್‌ನಲ್ಲಿ ನಾಲ್ಕೈದು ಸೀಟಿ ಕೂಗಿಸುವುದು. ಸ್ಟೇಕ್ ಮಾಡುವವರು ಹೆಚ್ಚಾಗಿ ಬೆನ್ನಿನ ಕಡೆಯ, ಜಾಸ್ತಿ ಕೆಲಸ ಮಾಡದ ಮಾಂಸ ಆರಿಸಿಕೊಳ್ಳುತ್ತಾರೆ. ಇದನ್ನು ಮೊಬೈಲ್ ಓದಿ ಹೇಳಲಿಲ್ಲ. ಅಥವಾ ಅಷ್ಟು ಹೊತ್ತಿಗೆ ಮೊಬೈಲ್ ಹಾಲ್‌ಗೆ ಓಡಿತ್ತು.

ಅವ್ವ ಎದ್ದು ಹೋಗಿ ಈಳಿಗೆಮಣೆ ತಂದಳು. ನೆಲದ ಮೇಲೆ ಕೂತು, ಎಲ್ಲರ ತಟ್ಟೆಯಿಂದಲೂ ಬಿಲ್ಲೆ ವಾಪಸ್ ತೆಗೆದುಕೊಂಡಳು. ಯಾರನ್ನೂ ಕೇಳಲಿಲ್ಲ. ಎಳೆಗೆ ಅಡ್ಡಲಾಗಿ, ಬಾಳೆಕಾಯಿ ಚಿಪ್ಸ್ ಹಾಗೆ ತೆಳ್ಳಗೆ ಹೆಚ್ಚಿದಳು. ಕರಕಲು ಕಡೆಯದು, ಗುಲಾಬಿ ಕಡೆಯದು, ಕೊಬ್ಬಿನ ಅಂಚು, ಎಲ್ಲ ಬೆರೆಸಿ ಒಂದು ದೊಡ್ಡ ತಟ್ಟೆಯಲ್ಲಿ ಐದು ಗುಡ್ಡೆ ಇಟ್ಟಳು. ಒಂದರಲ್ಲಿ ಚೂರು ಜಾಸ್ತಿ ಕಂಡಿತೇನೋ, ಎರಡು ಹೋಳು ಎತ್ತಿ ಪಕ್ಕಕ್ಕೆ ಹಾಕಿದಳು.

ನಾನು ಆ ಗುಡ್ಡೆಗಳನ್ನೇ ನೋಡುತ್ತಾ ಕೂತುಬಿಟ್ಟೆ.

ಯುಗಾದಿ ಮಾರನೇ ದಿನ ಹೊಸತೊಡಕು, ಬಾಡೂಟದ ದಿನ. ಮಂಡ್ಯದ ಕಡೆಯವರಿಗೆ ಗುಡ್ಡೆ ಬಾಡು ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಹತ್ತು ಮನೆಯವರು ದುಡ್ಡು ಹಾಕಿ ಕುರಿ ತರುವುದು, ತೋಪಿನಲ್ಲಿ ಕೊಯ್ದು ಗುಡ್ಡೆ ಹಾಕುವುದು. ಈಲಿ (ಲಿವರ್), ಬೋಟಿ, ಮೂಳೆ, ಕೊಬ್ಬು, ಎಲ್ಲ ಗುಡ್ಡೆಗೂ ಎಲ್ಲವೂ ಚೂರು ಚೂರು ಬರಬೇಕು. ಈಲಿ ಒಂದೇ ಇರುತ್ತದೆ, ಅದನ್ನು ಹತ್ತು ಮಾಡಬೇಕು. ನಮ್ಮೂರಲ್ಲಿ ನನ್ನನ್ನು ಗುಡ್ಡೆಗಳಿಗೆ ಬೆನ್ನು ಹಾಕಿ ನಿಲ್ಲಿಸುತ್ತಿದ್ದರು, ಏಳೆಂಟು ವರ್ಷದವಳು ನಾನು. ನಮ್ಮಯ್ಯ ಒಂದು ಗುಡ್ಡೆಗೆ ಬೆರಳು ತೋರಿಸಿ "ಇದು ಯಾರ್ದು ಮಗ?" ಅನ್ನುತ್ತಿದ್ದ. ನೋಡದೇ ನಾನು ಒಂದು ಮನೆ ಹೆಸರು ಕೂಗಬೇಕು. "ಇದು?" ಇನ್ನೊಂದು ಹೆಸರು. ಒಂದು ವರ್ಷ ಒಳ್ಳೇ ಗುಡ್ಡೆ ಯಾವುದು ಅಂತ ಓರೆಗಣ್ಣಲ್ಲಿ ನೋಡಿಟ್ಟುಕೊಂಡು, ಅದು ನಾಲ್ಕನೆಯದು ಅಂತ ಲೆಕ್ಕ ಹಾಕಿ, ನಾಲ್ಕನೇ ಸಲಕ್ಕೆ ನಮ್ಮ ಮನೆ ಹೆಸರು ಕೂಗಿದ್ದೆ. ಅಯ್ಯನಿಗೆ ಗೊತ್ತಾಯಿತು. ಎಲ್ಲರ ಮುಂದೆ ಏನೂ ಅನ್ನಲಿಲ್ಲ. ಆದರೆ ಆ ಗುಡ್ಡೆಯನ್ನು ಗಂಡ ಸತ್ತ ಪಕ್ಕದ ಮನೆಯವಳಿಗೆ ಕೊಟ್ಟು, ಕಡೆಯಲ್ಲಿ ಉಳಿದಿದ್ದನ್ನು ನಾವು ತಂದೆವು. ಅದರಲ್ಲಿ ಮೂಳೆಯೇ ಹೆಚ್ಚಿತ್ತು. ಅವ್ವ ಸಾರಿಗೆ ನೀರು ಜಾಸ್ತಿ ಹಾಕಿ, ಮುದ್ದೆ ಒಂದೊಂದು ಹೆಚ್ಚು ಕಟ್ಟಿದಳು.

ತುಂಡು ಮಾಡ್ದೆ ಹಂಚೋದು ಹೆಂಗಕ್ಕ? ಅಂಗಡಿಯವನಿಗೆ ಸ್ಟೇಕ್ ಗೊತ್ತಿಲ್ಲ ಅಂದುಕೊಂಡಿದ್ದೆ. ಸಾರು ಅಂದರೆ ಆರನೆಯವನು ಬಂದರೂ ಒಂದು ಲೋಟ ನೀರು ಸಾಕು. ಸ್ಟೇಕ್ ತಟ್ಟೆಗೆ ಒಂದು. ಅದಕ್ಕೆ ನೆಂಟರು ಹೇಳದೆ ಬರುವ ಅಭ್ಯಾಸವಿಲ್ಲ. ಇದರಲ್ಲಿ ತಪ್ಪೇನೂ ಇಲ್ಲ, ಅವರವರ ಊರಿನ ಊಟ. ನನ್ನ ಮಗಳೂ ಬೆಂಗಳೂರಲ್ಲಿ ತನ್ನ ತಟ್ಟೆಯದನ್ನು ತಾನು ತಿಂದು, ತನ್ನ ಬಿಲ್ಲು ತಾನು ಕೊಟ್ಟು ಬಂದವಳೇ. ನಮ್ಮ ಕಾಲದ್ದೆಲ್ಲ ಚಿನ್ನ ಅನ್ನುವವಳೂ ನಾನಲ್ಲ. ಗುಡ್ಡೆ ಹಾಕುವಾಗ ಆಗುತ್ತಿದ್ದ ಜಗಳಗಳನ್ನೂ ನೋಡಿದ್ದೇನೆ. ಈಲಿ ಚೂರಿಗೆ ಮಾತು ಬಿಟ್ಟ ಅಣ್ಣತಮ್ಮಂದಿರಿದ್ದಾರೆ. ಅದೂ ಅಲ್ಲದೆ, ಆ ತೋಪಿಗೆ ಊರಿನ ಎಲ್ಲರ ದುಡ್ಡೂ ಬರುತ್ತಿರಲಿಲ್ಲ. ಯಾವ ಕೇರಿಯವರದು ಬರುತ್ತಿರಲಿಲ್ಲ ಅಂತ ಆಗ ನಾನು ಕೇಳಿರಲಿಲ್ಲ. ಬೆನ್ನು ಹಾಕಿ ನಿಂತಿದ್ದೆ, ಹೇಳಿಕೊಟ್ಟ ಹೆಸರುಗಳನ್ನೇ ಕೂಗುತ್ತಿದ್ದೆ.

ತೆಳ್ಳಗೆ ಹೆಚ್ಚಿದ ಮೇಲೆ ಮಾಂಸ ಚೆನ್ನಾಗಿಯೇ ಇತ್ತು. ನಿಜ ಹೇಳಬೇಕೆಂದರೆ ಬೆಣ್ಣೆ ಚೆನ್ನಾಗಿತ್ತು, ಮಾಂಸ ಅದರ ಜೊತೆ ಹೋಯಿತು. ವೀಳ್ಯದೆಲೆ ಗರಿಗರಿಯಾಗಿತ್ತು, ಅದಕ್ಕೆ ಮಗ, ಮಗಳು ಕಿತ್ತಾಡಿದರು.

ತವಾ ತೊಳೆಯಲು ಎತ್ತಿದೆ. ಅವ್ವ ಕೈ ಹಿಡಿದಳು. ತಳದಲ್ಲಿ ಗಸಿ, ಬೆಳ್ಳುಳ್ಳಿ ಚೂರು, ಮಾಂಸದ ಕಂದು ರಸ ಹತ್ತಿಕೊಂಡಿತ್ತು. ಕುಕ್ಕರ್‌ನಿಂದ ಬಿಸಿ ಅನ್ನ ತೆಗೆದು ತವಾಕ್ಕೇ ಸುರಿದಳು. ಚಿಟಿಕೆ ಉಪ್ಪು ಹಾಕಿ, ಬೆರಳಲ್ಲಿ ತಳ ಕೆರೆದು ಕೆರೆದು ಕಲಸಿದಳು. ತುಪ್ಪ ಕಾಯಿಸಿದ ಪಾತ್ರೆಯಲ್ಲಿ ನಮಗೆಲ್ಲ ಹೀಗೇ ಕಲಸಿ ಕೊಡುತ್ತಿದ್ದಳು. ಅಡುಗೆಮನೆಯ ನೆಲದ ಮೇಲೆ ಸುತ್ತ ಕೂತೆವು. ಒಬ್ಬೊಬ್ಬರಿಗೆ ಒಂದೊಂದು ತುತ್ತು, ಸರದಿ ಪ್ರಕಾರ. ಹಸಿವಿಲ್ಲದವರೂ ಬಂದು ಕೈ ಚಾಚಿದರು.

"ನಿಂಗೆ ಎರಡಾಯ್ತು" ಅಂತ ಅವ್ವ ಅಳಿಯನ ಕೈ ತಳ್ಳಿದಳು.